ಕೋಟು ಹಾಕದ ವಕೀಲ ಗೆಳೆಯನಿಗೆ

ಲೋ ಸಾಹೇಬ,

ವಾಟ್ಸಾಪಿನಲ್ಲಿ ಕಳಿಸಿದರೆ ನೀಲಿ ಟಿಕ್ ಬೀಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ. ಉಳಿದವರ ಗಮನಕ್ಕೆ: ಇವನು ಎಲ್‌ಎಲ್‌ಬಿ ಮಾಡಿ, ಕರಿ ಕೋಟು ಹೊಲಿಸಿ, ಅದನ್ನು ಅಣ್ಣನ ಮದುವೆಗೆ ಮಾತ್ರ ಹಾಕಿಕೊಂಡವನು.

ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳ ಕೈಲಿ ಆಡಿಸಿದ ನಾಟಕಕ್ಕೆ ಹೋಗಿದ್ದೆವಲ್ಲ, ನೆನಪಿದೆಯಾ? ಕೊನೆಗೆ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಸ್ಟೇಜಿನ ಮೇಲೆ ಜೀವಾವಧಿ ಆದವರೂ ಇದ್ದರು. ಹೊರಗೆ ಬಂದು ನಾನು ಮನುಷ್ಯ ಬದಲಾಗುತ್ತಾನೆ, ಸಮಾಜ ಅವಕಾಶ ಕೊಡಬೇಕು ಅಂತೆಲ್ಲ ಭಾಷಣ ಬಿಗಿದೆ. ನೀನು ಬಸ್ಸು ಹೋಗುತ್ತೆ ನಡಿ ಅಂದೆ. ನಿನಗೆ ಆಗಲೇ ನನ್ನ ಮೇಲೆ ಅನುಮಾನ ಇತ್ತು ಅಂತ ಕಾಣುತ್ತೆ.

ಮೊನ್ನೆ ಮನೆಗೆ ಒಬ್ಬ ಬಡಗಿ ಬಂದಿದ್ದ. ಒಳಗಿನ ರೂಮಿನ ಬಾಗಿಲು ಮಳೆಗೆ ಉಬ್ಬಿಕೊಂಡಿತ್ತು. ಚೀಲ ಇಳಿಸುವ ಮೊದಲೇ ಅವನದೊಂದು ಷರತ್ತು. "ನೀವೂ ಇಲ್ಲೇ ಕೂತಿರಿ ಸಾರ್. ಯಾರ ಮನೆಯಲ್ಲೂ ರೂಮಿನೊಳಗೆ ಒಬ್ಬನೇ ಕೆಲಸ ಮಾಡಲ್ಲ." ಯಾಕಪ್ಪಾ ಅಂದೆ. ಕೀಸುಳಿ ಉಜ್ಜುತ್ತಲೇ ಹೇಳಿದ.

ಹಿಂದೆ ಕೆಲಸ ಮಾಡಿದ ಒಂದು ಮನೆಯಲ್ಲಿ ಒಡವೆ ಕಳೆದಿತ್ತು. ಆ ವಾರ ಬೀರು ರಿಪೇರಿ ಮಾಡಿದವನು ಇವನು. ಒಳಗೆ ಹೋದ. ಜಾಮೀನು ಬೇಗನೇ ಆಯಿತು. ಆದರೆ ಹೊರಗೆ ಬಂದದ್ದು ಹತ್ತಿರ ಹತ್ತಿರ ಎರಡು ವರ್ಷದ ಮೇಲೆ, ಕೇಸೇ ಖುಲಾಸೆ ಆದಾಗ. ಶ್ಯೂರಿಟಿ ಹಾಕಲು, ಅಂದರೆ ಇವನು ಕೋರ್ಟಿಗೆ ತಪ್ಪದೆ ಬರುತ್ತಾನೆ ಅಂತ ಆಸ್ತಿ ತೋರಿಸಿ ಹೊಣೆ ನಿಲ್ಲಲು, ಅಣ್ಣ ಊರಿಂದ ಬಂದಿದ್ದ. ಪಹಣಿ ಮಾತ್ರ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇತ್ತು. ಖಾತೆ ಮಾಡಿಸಿಕೊಂಡು ಬಾ ಅಂದರಂತೆ. ಖಾತೆ ಆಗಬೇಕಾದರೆ ದಾಯಾದಿಗಳು ಸಹಿ ಹಾಕಬೇಕು. ದಾಯಾದಿಗಳು ಸಹಿ ಹಾಕುವುದುಂಟಾ?

ರಾತ್ರಿ ಕೂತು ಹುಡುಕಿದರೆ 1978ರ ಮೋತಿರಾಮ್ ಕೇಸು ಸಿಕ್ಕಿತು. ನೀನು ಪರೀಕ್ಷೆಗೆ ಓದಿರಬೇಕು, ಇಲ್ಲಾ ಚೀಟಿ ಒಯ್ದಿರಬೇಕು. ಮಧ್ಯಪ್ರದೇಶದ ಗಾರೆ ಕೆಲಸದವನು. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಒಡಹುಟ್ಟಿದವನು ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ರೇಗಿ, ಬೇರೆಯವರ ಹೊಣೆ ಬೇಡ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿ ಅಂದರು. ಆಗ ಗಾರೆಯವನು, ಈಗ ಬಡಗಿ. ಮನೆ ಕಟ್ಟುವವರ ಹತ್ತಿರವೇ ಆಸ್ತಿ ಪತ್ರ ಇರುವುದಿಲ್ಲ ನೋಡು.

ಬ್ಯಾರಕ್ಕಿನಲ್ಲಿ ಮಲಗಲು ಎಷ್ಟು ಜಾಗ ಸಿಗುತ್ತಿತ್ತು ಅಂತ ಕೇಳಿದೆ. ಅವನು ಬಾಯಲ್ಲಿ ಹೇಳಲಿಲ್ಲ. ಕಿವಿಯಿಂದ ಪೆನ್ಸಿಲ್ ತೆಗೆದು, ಟೇಪು ಎಳೆದು, ನಮ್ಮ ನೆಲದ ಮೇಲೆ ಎರಡು ಗೆರೆ ಹಾಕಿದ. ಒಂದೂವರೆ ಅಡಿ. ಮಗ್ಗುಲಾಗಿಯೇ ಮಲಗಬೇಕು. ಒಬ್ಬ ಹೊರಳಿದರೆ ಸಾಲಿಗೆ ಸಾಲೇ ಹೊರಳಬೇಕು. ಹೊಸಬನಿಗೆ ಕಕ್ಕಸಿನ ಪಕ್ಕ. ಯಾರಾದರೂ ಬಿಡುಗಡೆಯಾದರೆ ಒಂದು ಜಾಗ ಮುಂದಕ್ಕೆ. "ಬೇರೆಯವರ ಬಿಡುಗಡೆಗೆ ಹರಕೆ ಹೊರೋದು ಅಲ್ಲೇ ಕಲಿತೆ ಸಾರ್" ಅಂದ.

ಲೆಕ್ಕ ನಿನಗೆ ಇಷ್ಟ ಅಲ್ವಾ, ತಗೋ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದ ಜಾಗ 4,36,266 ಜನರಿಗೆ. ಇದ್ದವರು 5,73,220. ಅದರಲ್ಲಿ ವಿಚಾರಣಾಧೀನರೇ 4,34,302. ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ನೋಡು. ಇನ್ನೂ ತೀರ್ಪು ಬರದವರನ್ನು ಮಲಗಿಸಿದರೇ ಜೈಲು ಭರ್ತಿ. ಶಿಕ್ಷೆ ಆದವರಿಗೆ ಅಂತ ಉಳಿಯುವುದು 1,964 ಜಾಗ, ಇಡೀ ದೇಶಕ್ಕೆ! ಹೊಸ ಜೈಲು ಕಟ್ಟಬೇಕು ಅನ್ನುವವರು ಮೊದಲು ಈ ಕಳೆಯುವ ಲೆಕ್ಕ ಮಾಡಲಿ.

ಇನ್ನೊಂದು ತಮಾಷೆ. ನಾವು ನಾಟಕದಲ್ಲಿ ನೋಡಿದ ಆ ಸುಧಾರಣೆ, ಪುನರ್ವಸತಿ ಎಲ್ಲ ಹೆಚ್ಚಾಗಿ ಸಜಾ ಆದವರ ಪಾಲಿಗೆ. ಕೆಲಸ, ಕೂಲಿ, ಪೆರೋಲ್, ನಡತೆ ಚೆನ್ನಾಗಿದ್ದರೆ ಬಯಲು ಬಂದೀಖಾನೆ. ವಿಚಾರಣಾಧೀನ ಕಾನೂನಿನ ಪ್ರಕಾರ ಇನ್ನೂ ನಿರಪರಾಧಿ, ಅವನನ್ನು ಸುಧಾರಿಸುವುದೇನು? ಹಾಗಾಗಿ ನಿರಪರಾಧಿ ಸುಮ್ನೆ ಗೋಡೆಗೊರಗಿ ಕೂತು ಡೇಟ್ ಎಣಿಸುತ್ತಾನೆ. 2024ರ ಜುಲೈಯಲ್ಲಿ ಜಾರಿಗೆ ಬಂದ ಕ್ರಿಮಿನಲ್ ಕೇಸು ನಡೆಸುವ ಹೊಸ ಸಂಹಿತೆಯಲ್ಲಿ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಿಡಬೇಕು ಅಂತಿದೆ. ಮನೆಗಳ್ಳತನಕ್ಕೆ ಏಳು ವರ್ಷ. ಮೂರನೇ ಒಂದು ಭಾಗ ಅಂದರೆ ಎರಡು ವರ್ಷ ನಾಲ್ಕು ತಿಂಗಳು. ನಮ್ಮ ಬಡಗಿಗೆ ಅಷ್ಟರೊಳಗೆ ಖುಲಾಸೆಯೇ ಆಗಿಹೋಗಿತ್ತು. ಪರಿಹಾರ? ತಪ್ಪಾಗಿ ಕೇಸು ಹಾಕಿಸಿಕೊಂಡವರಿಗೆ ಪರಿಹಾರ ಕೊಡುವ ಕಾನೂನು ಬೇಕು ಅಂತ ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಬರೆಯಿತು. ವರದಿ ವರದಿಯಾಗಿಯೇ ಇದೆ.

ಇಷ್ಟೇ ಬರೆದು ನಿಲ್ಲಿಸಬೇಕು ಅಂತಿದ್ದೆ. ಲೈಕ್ ಬೀಳುತ್ತಿದ್ದವು.

ಕೆಲಸ ಮುಗಿಸಿ ಅವನು ಚೀಲವನ್ನು ನೆಲದ ಮೇಲೆ ಸುರಿದ. ಉಳಿ, ಸುತ್ತಿಗೆ, ಗರಗಸ, ಮೊಳೆಯ ಡಬ್ಬಿ, ಊಟದ ಡಬ್ಬಿ. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದು ತೋರಿಸಿದ. ಯಾರೂ ಕೇಳಿರಲಿಲ್ಲ. ಆಮೇಲೆ ಒಂದೊಂದೇ ಎತ್ತಿ ಒಳಗೆ ಹಾಕಿಕೊಂಡ, ನಿಧಾನವಾಗಿ, ನನಗೆ ಕಾಣುವ ಹಾಗೆ. "ಅಯ್ಯೋ, ಇದೆಲ್ಲ ಯಾಕೆ ಮಾರಾಯ" ಅಂತ ಬಾಯಿ ಹೇಳುತ್ತಿತ್ತು. ಕಣ್ಣು ಒಂದನ್ನೂ ಬಿಡದೆ ನೋಡುತ್ತಿತ್ತು.

ಅವನು ಗೇಟು ದಾಟಿದ ಮೇಲೆ ಬೀರು ತೆಗೆದೆ ಕಣೋ. ಇಡೀ ಹೊತ್ತು ಅದೇ ರೂಮಿನಲ್ಲಿ ಕಾವಲು ಕೂತಿದ್ದವನು ನಾನೇ, ಆದರೂ ತೆಗೆದೆ. ಎಲ್ಲ ಇತ್ತು. ಆಗ ನಾಚಿಕೆ ಆಯಿತು ಅಂತ ಬರೆದರೆ ಚೆನ್ನಾಗಿರುತ್ತೆ. ಆಗಲಿಲ್ಲ. ಸಮಾಧಾನ ಆಯಿತು. ಮಗಳ ಸರವನ್ನು ಮತ್ತೊಮ್ಮೆ ಮುಟ್ಟಿ ನೋಡಿ ಬಾಗಿಲು ಹಾಕಿದೆ. ಜೀವಾವಧಿ ಆದವರಿಗೆ ಎದ್ದು ನಿಂತು ಚಪ್ಪಾಳೆ ಹೊಡೆದವನು, ಕೋರ್ಟು ಬಿಟ್ಟು ಕಳಿಸಿದವನನ್ನು ಜಾಮೀನಿನ ಮೇಲೆ ಇಟ್ಟುಕೊಂಡಿದ್ದೇನೆ. ಮುಂದಿನ ಸಲ ಬಂದರೂ ನೋಡುತ್ತೇನೆ ಅನ್ನಿಸುತ್ತದೆ, ಅದೇ ಭಯ. ಇದನ್ನು ಹೆಂಡತಿಗೂ ಹೇಳಿಲ್ಲ. ಅವಳೂ ಇಲ್ಲಿ ಓದುತ್ತಾಳೆ ಅಂತ ಈಗ ನೆನಪಾಯಿತು.

ಸರಿ, ಸಾಕು. ನಿನಗೊಂದು ಕೆಲಸ ಇದೆ. ಅವನ ಪಕ್ಕದ ಒಂದೂವರೆ ಅಡಿಯಲ್ಲಿ ಮಲಗುತ್ತಿದ್ದ ಹುಡುಗ ಇನ್ನೂ ಒಳಗೇ ಇದ್ದಾನಂತೆ. ಜಾಮೀನು ಆಗಿದೆ, ಶ್ಯೂರಿಟಿ ಇಲ್ಲ. ಜಾಮೀನು ಆಗಿ ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸಬಹುದು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಹೋಗಬೇಕು. ಅದನ್ನು ಬರೆಯಲು ಕೋಟು ಬೇಕಾಗಿಲ್ಲ, ನೀನು ಹೆದರಬೇಡ.

ಅದೂ ಆಗದೆ ಶ್ಯೂರಿಟಿಯೇ ಬೇಕು ಅಂದರೆ ನನ್ನ ಪಹಣಿ ಇದೆ. ಈ ವಾಕ್ಯ ಬರೆದು ಅಳಿಸಿ, ಮತ್ತೆ ಬರೆದಿದ್ದೇನೆ. ನಮ್ಮ ತೋಟ ನೀನು ನೋಡಿದ್ದೀಯಲ್ಲ, ಅರ್ಧ ಎಕರೆ, ಮೂರು ತೆಂಗಿನ ಮರ, ಒಂದು ಕೋತಿ ಸಂಸಾರ. ಹುಡುಗ ಕೈ ಕೊಟ್ಟು ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡರೆ ಕೋತಿಗಳೂ ಸರ್ಕಾರದ್ದೇ. ಆ ಖುಷಿಗಾದರೂ ಸಹಿ ಹಾಕಬಹುದು.

ಇಂತಿ,
ಅರ್ಧ ಎಕರೆ ಜಮೀನ್ದಾರ