ಕ್ವಿಕ್ ರ‍್ಯಾಕ್ ಎಂದು ಹೇಳಿ ಸಾದಾ ಸ್ಟಿಯರಿಂಗ್ ರ‍್ಯಾಕ್ ಕಳಿಸಿರುವ ಬಗ್ಗೆ ದೂರು

ಗೆ,
ದೂರು ಪರಿಹಾರ ಅಧಿಕಾರಿಗಳು,
ಗಾಡಿ ಬಿಡಿಭಾಗಗಳ ಆನ್‌ಲೈನ್ ಮಾರಾಟ ವಿಭಾಗ

ಮಾನ್ಯರೇ,

ನಿಮ್ಮಿಂದ ತರಿಸಿಕೊಂಡ ಸ್ಟಿಯರಿಂಗ್ ರ‍್ಯಾಕ್ (ಸ್ಟಿಯರಿಂಗ್ ತಿರುಗಿಸಿದಾಗ ಪಕ್ಕಕ್ಕೆ ಸರಿದು ಚಕ್ರ ತಿರುಗಿಸುವ ಹಲ್ಲಿನ ಸರಳು) ನಾನು ಆರ್ಡರ್ ಮಾಡಿದ್ದಲ್ಲ. ನಾನು ಕೇಳಿದ್ದು ಕ್ವಿಕ್ ರ‍್ಯಾಕ್, ಅಂದರೆ ಸ್ಟಿಯರಿಂಗಿನ ಒಂದು ಸುತ್ತಿಗೆ ಜಾಸ್ತಿ ಓಡಿ ಚಕ್ರವನ್ನು ಬೇಗ ತಿರುಗಿಸುವಂಥದ್ದು. ಅದನ್ನು ವಾಪಸ್ ತೆಗೆದುಕೊಂಡು ಸರಿಯಾದದ್ದನ್ನು ಕಳಿಸಿ. ಇಲ್ಲದಿದ್ದರೆ ಪೂರ್ತಿ ದುಡ್ಡು ವಾಪಸ್ ಕೊಡಿ.

ನನ್ನದು ಲೋಟಸ್ ಸೆವೆನ್ ಎಂಬ ಹಗುರ ಸ್ಪೋರ್ಟ್ಸ್ ಕಾರಿನ ಮಾದರಿಯಲ್ಲಿ ಕಟ್ಟಿದ ಎರಡು ಸೀಟಿನ ಗಾಡಿ. ಆಟೋಕ್ರಾಸ್‌ಗೆ (ಕೋನ್‌ಗಳ ನಡುವೆ ಸಮಯ ಹಿಡಿದು ಓಡಿಸುವ ಪಂದ್ಯ) ಮಾತ್ರ ಓಡಿಸುತ್ತೇನೆ. ಪವರ್ ಸ್ಟಿಯರಿಂಗ್ ಇಲ್ಲ. ಆದರೆ ಗಾಡಿ ಹಗುರ, ಹಾಗಾಗಿ ಕ್ವಿಕ್ ರ‍್ಯಾಕ್ ಹಾಕಿದರೂ ಕೈಗೆ ಅಷ್ಟೇನೂ ಭಾರ ಆಗುವುದಿಲ್ಲ. ಕೋನ್‌ಗಳ ನಡುವೆ ತಿರುಗಿಸುವಾಗ ಸ್ಟಿಯರಿಂಗ್ ಮೇಲೆ ಕೈ ಬದಲಿಸುವುದು ತಪ್ಪಲಿ ಅಂತಲೇ ಜಾಸ್ತಿ ದುಡ್ಡು ಕೊಟ್ಟಿದ್ದು.

ನಿಮ್ಮ ಪುಟದಲ್ಲಿರುವ ಲೆಕ್ಕ ಹೀಗಿದೆ: ರ‍್ಯಾಕ್‌ನ ಒಟ್ಟು ಓಟ (ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯುವ ದೂರ) 132 ಮಿ.ಮೀ., ತುದಿಯಿಂದ ತುದಿಗೆ 2.5 ಸುತ್ತು. ಅಂದರೆ ಒಂದು ಸುತ್ತಿಗೆ ಸುಮಾರು 53 ಮಿ.ಮೀ. ನನ್ನ ಹಳೇ ರ‍್ಯಾಕ್ ಅಷ್ಟೇ ಓಡಲು 3 ಸುತ್ತು ಬೇಕು, ಸುತ್ತಿಗೆ 44 ಮಿ.ಮೀ.

ಹೊಸದನ್ನು ಗಾಡಿಗೆ ಹಾಕುವ ಮೊದಲೇ ಇಲ್ಲಿ ಕಲಬುರಗಿಯ ಕಪನೂರಿನ ಲೇತ್ ಅಂಗಡಿಯಲ್ಲಿ ವೈಸ್‌ಗೆ ಕಟ್ಟಿ ಅಳೆದೆವು. ಪಿನಿಯನ್ ಶಾಫ್ಟ್ (ರ‍್ಯಾಕನ್ನು ಓಡಿಸುವ ಹಲ್ಲುಗಾಲಿಯ ದಂಡ) ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ನಡುವಿನಿಂದ ಸರಿಯಾಗಿ ಒಂದು ಸುತ್ತು ತಿರುಗಿಸಿ ವರ್ನಿಯರ್‌ನಿಂದ ಅಳೆದರೆ 44 ಮಿ.ಮೀ. ಬಂತು. ಇನ್ನೊಂದು ಬದಿಗೆ ತಿರುಗಿಸಿದರೂ ಅಷ್ಟೇ. ಹಳೇ ರ‍್ಯಾಕ್ ಪಕ್ಕದಲ್ಲೇ ಇತ್ತು. ಎರಡಕ್ಕೂ ಒಂದೇ ರೇಷಿಯೋ.

ನಿಮ್ಮ ಕಸ್ಟಮರ್ ಕೇರ್‌ನವರು "2.5 ಸುತ್ತೇ ಬರುತ್ತಲ್ವಾ, ಹಾಗಾದರೆ ಅದು ಕ್ವಿಕ್ ರ‍್ಯಾಕೇ" ಅಂತ ಫೋನ್ ಇಟ್ಟರು. ಸುತ್ತು 2.5 ಬರುತ್ತದೆ, ನಿಜ. ಆದರೆ ಒಟ್ಟು ಓಟ 110 ಮಿ.ಮೀ. ಮಾತ್ರ! ರ‍್ಯಾಕ್ ತುದಿಯ ರಬ್ಬರ್ ಬೂಟಿನ (ಧೂಳು ತಡೆಯುವ ಕವರ್) ಕ್ಲಿಪ್ ಬಿಚ್ಚಿ ನೋಡಿದರೆ ಎರಡೂ ತುದಿಯಲ್ಲಿ 11 ಮಿ.ಮೀ. ದಪ್ಪದ ಕಾಲರ್ (ಬಳೆಯಂಥ ತಡೆ) ಕೂರಿಸಿದ್ದಾರೆ. ರ‍್ಯಾಕ್ ಬೇಗ ತಡೆದು ನಿಲ್ಲುತ್ತದೆ, ಅದಕ್ಕೇ ಸುತ್ತು ಕಡಿಮೆ. ಇದನ್ನು ಹಾಕಿದರೆ ಸ್ಟಿಯರಿಂಗ್ ಚುರುಕಾಗುವುದು ಹಾಗಿರಲಿ, ಚಕ್ರ ಮೊದಲಿನಷ್ಟು ತಿರುಗುವುದೂ ಇಲ್ಲ. ಕಾಲರ್ ಹಾಕಿದ್ದು ನೀವೋ, ನಿಮಗೆ ಮಾಲು ಕೊಟ್ಟವರೋ, ಅದನ್ನು ನೀವೇ ವಿಚಾರಿಸಿ. ಹೊರಗಿನಿಂದ ಎರಡೂ ರ‍್ಯಾಕ್ ಒಂದೇ ಥರ ಕಾಣುತ್ತವೆ. ಅಳೆಯದೆ ಹಾಕಿಸಿಕೊಂಡವರಿಗೆ ಇದು ಗೊತ್ತೇ ಆಗುವುದಿಲ್ಲ. ನನಗೆ ಸಿಟ್ಟು ಬಂದಿರುವುದು ಅದಕ್ಕೇ.

ವಾಪಸ್ ಕಳಿಸುವ ಕೊರಿಯರ್ ಖರ್ಚು ನಾನೇ ಕೊಡಬೇಕಂತೆ. ಅದನ್ನು ನಾನು ಒಪ್ಪುವುದಿಲ್ಲ. ಬದಲಿ ರ‍್ಯಾಕ್ ಪ್ಯಾಕ್ ಮಾಡುವ ಮುಂಚೆ ಒಂದು ಸುತ್ತಿಗೆ ಎಷ್ಟು ಓಡುತ್ತದೆ ಅಂತ ಅಳೆದು ವಿಡಿಯೋ ಕಳಿಸಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಅಷ್ಟರಲ್ಲಿ ಆಗದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೇಸ್ ಹಾಕುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನಿರುವ ಊರಿನಲ್ಲೇ ದೂರು ಕೊಡಲು ಅವಕಾಶ ಇದೆ.

ಬಿಲ್, ಅಳತೆಯ ಫೋಟೋಗಳು ಮತ್ತು ಕಾಲರ್ ಕಾಣುವ ವಿಡಿಯೋ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕ,
ಕಲಬುರಗಿ