ಸಮತೂಕ ಕೆಡದ ಬ್ಯಾರೆಲ್: ಮಗಳಿಗೊಂದು ಪತ್ರ

ಮಿಸೌಲಾ, ಮೊಂಟಾನಾ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಟಾರ್ಗೆಟ್ ಕಾಗದದ ಫೋಟೋ ನೋಡಿದೆ. ನೂರು ಗಜದಲ್ಲಿ ಒಂದಿಂಚಿನೊಳಗೆ ಬೀಳುತ್ತಿದ್ದ ಗುಂಡುಗಳು ಈಗ ಮೂರಿಂಚು ಹರಡಿವೆ. ನಿನ್ನ ಬೇಟೆಯ ಕೋವಿಗೆ ಹೊಸ ಬ್ಯಾರೆಲ್, ಅಂದರೆ ನಳಿಗೆ, ಹಾಕಿಸಬೇಕು, ಯಾವುದು ತರಿಸಲಿ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬ್ಯಾರೆಲ್ಲೇ ಸವೆದಿದೆ ಎಂಬುದು ಖಾತ್ರಿಯಾಗಲಿ. ಸ್ಟಾಕಿನ, ಅಂದರೆ ಮರದ ಹಿಡಿಯ, ಸ್ಕ್ರೂ ಸಡಿಲಾದರೂ, ಗುರಿ ನೋಡುವ ದುರ್ಬೀನು ಸ್ಕೋಪಿನ ಮೌಂಟ್ ಅಲುಗಾಡಿದರೂ ಗುರಿ ಹೀಗೇ ಚದುರುತ್ತದೆ. ಅವನ್ನು ಬಿಗಿ ಮಾಡಿ ನೋಡು. ನೀನು ಹೊಡೆಯುವುದು ತಾಮ್ರದ ಗುಂಡು; ಒಳಗೆ ತಾಮ್ರ ಮೆತ್ತಿಕೊಂಡಿದ್ದರೆ ಅದೂ ಕಾರಣವಾಗುತ್ತದೆ. ತಾಮ್ರ ಬಿಡಿಸುವ ಸಾಲ್ವೆಂಟ್ ಹಾಕಿ, ಬಟ್ಟೆಯ ಮೇಲೆ ನೀಲಿ ಬಣ್ಣ ಬರುವುದು ನಿಲ್ಲುವ ತನಕ ಒರೆಸು. ಬ್ಯಾರೆಲ್ಲಿನ ಬಾಯಿಯ ಅಂಚಿಗೆ ಏಟು ಬಿದ್ದಿದ್ದರೆ ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಲೇತಿನಲ್ಲಿ ಅದೊಂದನ್ನೇ ಹೊಸದಾಗಿ ಕಡೆದು ಕೊಡುತ್ತಾನೆ, ಬ್ಯಾರೆಲ್ ಉಳಿಯುತ್ತದೆ. ಇಷ್ಟಾದ ಮೇಲೂ ಸರಿಹೋಗದಿದ್ದರೆ ನಳಿಗೆಯ ಒಳಗನ್ನು ತೋರಿಸುವ ಬೋರ್‌ಸ್ಕೋಪ್ ಇಳಿಸಿ ನೋಡಲು ಹೇಳು. ತೋಟಾ ಕೂರುವ ಚೇಂಬರಿನ ಮುಂದೆ, ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು, ಅಂದರೆ ರೈಫ್ಲಿಂಗ್, ಶುರುವಾಗುವ ಜಾಗದಲ್ಲಿ, ಉಕ್ಕು ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟು ಗೆರೆಗಳ ಅಂಚು ಕರಗಿಹೋಗಿದ್ದರೆ ಅದರ ಆಯುಷ್ಯ ಮುಗಿಯಿತು. ಉರಿಯುವ ಮದ್ದಿನ ಬಿಸಿಗೆ ಮೊದಲು ಸವೆಯುವುದು ಆ ಕತ್ತೇ.

ಇನ್ನು ಆಯ್ಕೆಯ ಮಾತು. ಈ ಕೋವಿಯಲ್ಲಿ ನಾನು ಎಲ್ಲಕ್ಕಿಂತ ಬೆಲೆ ಕೊಡುವುದು ಅದರ ಸಮತೂಕಕ್ಕೆ. 1964ಕ್ಕಿಂತ ಹಿಂದಿನ ವಿಂಚೆಸ್ಟರ್ ಮಾಡೆಲ್ 70 ಆ್ಯಕ್ಷನ್ (ತೋಟಾ ತುಂಬಿ ಹಾರಿಸುವ ನಡುಭಾಗ), ಕೈಯಲ್ಲಿ ಕೆತ್ತಿದ ವಾಲ್‌ನಟ್ ಸ್ಟಾಕು, 24 ಇಂಚಿನ ತೆಳು ಬ್ಯಾರೆಲ್. ಸ್ಕೋಪ್ ಸೇರಿ ಹತ್ತಿರ ಹತ್ತಿರ 3.6 ಕಿಲೋ. ಆದರೂ ಹೆಗಲಿಗೆ ಏರಿಸಿದಾಗ ಅಷ್ಟು ಭಾರವೆನಿಸುವುದಿಲ್ಲ, ಏಕೆಂದರೆ ಎರಡು ಕೈಗಳ ನಡುವೆಯೇ ಅದರ ತೂಕ ಕೂತಿದೆ. ಕೋವಿ ಖಾಲಿ ಇದೆ ಎಂದು ಕಣ್ಣಾರೆ ನೋಡಿಕೊಂಡು, ಸ್ಟಾಕಿನ ಮುಂದಿನ ಸ್ಕ್ರೂವಿನ ಕೆಳಗೆ ಒಂದು ಬೆರಳಿಟ್ಟು ಎತ್ತು. ಅಲ್ಲಾಡದೆ ಅಡ್ಡಕ್ಕೆ ನಿಲ್ಲುತ್ತದೆ. ಆ ಜಾಗಕ್ಕೆ ಟೇಪಿನಲ್ಲಿ ಗುರುತು ಹಾಕಿಡು. ಹೊಸ ಬ್ಯಾರೆಲ್ ಕೂತ ಮೇಲೂ ಅದು ಅಲ್ಲೇ ನಿಲ್ಲಬೇಕು.

ಆಯುಧಗಳ ಹಬ್ಬ ಕೈಲ್ ಪೊಳ್ದ್‌ಗೆ ಕೊಡಗಿನ ಊರಿಗೆ ಹೋದಾಗ ನೀನೇ ನೋಡಿದ್ದೀಯಲ್ಲ. ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯಲ್ಲಿ ಕೋವಿಗಳಿಗೆ ತೋಕ್‌ಪೂ ಹೂವು ಮುಡಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಮರಳಿನ ಚೀಲದ ಆಸರೆ ಅಲ್ಲಿಲ್ಲ. ನಿಂತೇ ಗುರಿ ಹಿಡಿಯಬೇಕು. ಕೋವಿಯ ತೂಕ ಮೂತಿಗೆ ಎಳೆಯುತ್ತದೋ ಹಿಂದಕ್ಕೆ ಎಳೆಯುತ್ತದೋ ಎಂಬುದು ಆಗ ತೋಳಿಗೆ ಗೊತ್ತಾಗುತ್ತದೆ. 1972ರ ವನ್ಯಜೀವಿ ಕಾಯ್ದೆಯ ನಂತರ ಊರಿನಲ್ಲಿ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಇಲ್ಲಿ ಲೈಸೆನ್ಸ್ ತೆಗೆದುಕೊಂಡು ಎಲ್ಕ್ ಎಂಬ ದೊಡ್ಡ ಜಿಂಕೆಯ ಹಿಂದೆ ಗುಡ್ಡ ಹತ್ತುವ ನಿನಗೆ ಸಂಜೆಯ ಹೊತ್ತಿಗೆ, ಉಸಿರು ಮೇಲೆ ಕೆಳಗೆ ಆಗುತ್ತಿರುವಾಗ, ಬೇಕಾಗುವುದು ಅದೇ ಸಮತೂಕ.

ಆದ್ದರಿಂದ ದಪ್ಪ ಬ್ಯಾರೆಲ್ಲಿನ ಆಸೆ ಬೇಡ. ಅದು ಬೇಗ ಬಿಸಿಯಾಗುವುದಿಲ್ಲ, ಸಾಲಾಗಿ ಹತ್ತು ಗುಂಡು ಹೊಡೆದರೂ ಗುರಿ ಕದಲದು, ನಿಜ. ಆದರೆ ಬೇಟೆಯಲ್ಲಿ ನೀನು ಹೊಡೆಯುವುದು ಒಂದು, ಹೆಚ್ಚೆಂದರೆ ಎರಡು. ಲೆಕ್ಕ ಹಾಕಿ ನೋಡಿದೆ: ಬ್ಯಾರೆಲ್ 300 ಗ್ರಾಂ ಹೆಚ್ಚಾದರೆ ಸಮತೂಕದ ಜಾಗ ಸುಮಾರು ಎರಡು ಸೆಂಟಿಮೀಟರ್ ಮುಂದಕ್ಕೆ ಜರುಗುತ್ತದೆ. ಮೂತಿಯ ತುದಿಯ ಒಂದೇ ಇಂಚು ಉಕ್ಕು, ಅಲ್ಲಿ 0.6 ಇಂಚು ದಪ್ಪವಿದ್ದರೆ, 28 ಗ್ರಾಂ ತೂಗುತ್ತದೆ. ಅಷ್ಟು ಕತ್ತರಿಸಿದರೆ ಅರ್ಧ ಸೆಂಟಿಮೀಟರ್ ಹಿಂದಕ್ಕೆ ಬರುತ್ತದೆ. ಕಾರ್ಬನ್ ಫೈಬರ್ ಸುತ್ತಿದ ಬ್ಯಾರೆಲ್ ಹಗುರವೇನೋ ಹೌದು, ಆದರೆ ದಪ್ಪ. ಅದನ್ನು ಕೂರಿಸಲು ಆ ವಾಲ್‌ನಟ್ಟಿನ ಕಾಲುವೆಯನ್ನು ಅಗಲಿಸಬೇಕು. ಆ ಮರಕ್ಕೆ ಉಳಿ ತಾಗಿಸಲು ನನ್ನ ಮನಸ್ಸಂತೂ ಒಪ್ಪದು.

ಹಳೆಯ ಬ್ಯಾರೆಲ್ ಬಿಚ್ಚಿದ ಮೇಲೆ ತೂಗಿಸು. ಬುಡದಿಂದ ಮೂತಿಯವರೆಗೆ ಎರಡೆರಡು ಇಂಚಿಗೆ ಮೈಕ್ರೋಮೀಟರ್ ಹಿಡಿದು ದಪ್ಪ ಬರೆದುಕೊಂಡು, ಆ ಅಳತೆಯನ್ನೇ ತಯಾರಕರಿಗೆ ಕಳಿಸು. ಬರಿಯ ‘2ನೇ ನಂಬರ್ ಕಾಂಟೂರ್’ (ಹೊರಮೈ ಆಕಾರ) ಎಂದರೆ ಸಾಲದು. ಒಬ್ಬರ ಎರಡು ಇನ್ನೊಬ್ಬರ ಎರಡಾಗಿರುವುದಿಲ್ಲ. ಹೊರಮೈಯನ್ನು ಅವರೇ ಕಡೆದು ಕೊಡಲಿ. ಬಟನ್ ಎಂಬ ಗಟ್ಟಿ ಅಚ್ಚನ್ನು ಒಳಗೆ ಎಳೆದು ರೈಫ್ಲಿಂಗ್ ಮಾಡಿದ ಬ್ಯಾರೆಲ್ಲನ್ನು ಆಮೇಲೆ ಬೇರೆ ಕಡೆ ತೆಳುವಾಗಿ ಕಡೆದರೆ, ಉಕ್ಕಿನೊಳಗಿನ ಒತ್ತಡ ಸಡಿಲಿ ಮೂತಿಯ ಕಡೆ ಒಳವ್ಯಾಸ ಹಿಗ್ಗುವುದುಂಟು. ಇಷ್ಟು ತೆಳು ಬ್ಯಾರೆಲ್ಲಿಗೆ ಒಂದೊಂದೇ ಗೆರೆಯನ್ನು ಕೊರೆದು ಮಾಡುವ ಕಟ್ ರೈಫ್ಲಿಂಗ್ ನನಗೆ ಹೆಚ್ಚು ಇಷ್ಟ. ವಿಸ್ಕಾನ್ಸಿನ್‌ನ ಕ್ರೀಗರ್‌ನವರದು ಆ ಪದ್ಧತಿ. ನಮ್ಮ ಪ್ಲೇನ್ಸ್ ಊರಿನ ಲಿಲ್ಜಾ ಬಟನ್ನಿನದು, ಅದರಲ್ಲೂ ಕೆಲಸ ಶುದ್ಧ. ಯಾರಿಂದ ತರಿಸಿದರೂ ನನ್ನ ಅಡ್ಡಿಯಿಲ್ಲ. ಉಕ್ಕು ಸ್ಟೇನ್‌ಲೆಸ್ಸೋ ಕ್ರೋಮ್‌ಮಾಲಿಯೋ ಎಂಬ ಪ್ರಶ್ನೆಗೆ ತೂಕದಲ್ಲಿ ಅರ್ಥವಿಲ್ಲ, ಎರಡೂ ಹೆಚ್ಚುಕಡಿಮೆ ಒಂದೇ. ಹಳೆಯ ಆ್ಯಕ್ಷನ್ನಿನ ಬ್ಲೂಯಿಂಗ್‌ಗೆ, ಅಂದರೆ ಆ ಕಪ್ಪು-ನೀಲಿ ಲೇಪಕ್ಕೆ, ಹೊಂದುವುದು ಕ್ರೋಮ್‌ಮಾಲಿ.

ಕ್ಯಾಲಿಬರ್ .270 ವಿಂಚೆಸ್ಟರೇ ಇರಲಿ. .30-06 ಕೂಡ ಅದೇ ಬೋಲ್ಟಿಗೆ ಹೊಂದುತ್ತದೆ, ಒಳತೂತು ದೊಡ್ಡದಾಗುವುದರಿಂದ ಬ್ಯಾರೆಲ್ 40 ಗ್ರಾಂನಷ್ಟು ಹಗುರವೂ ಆದೀತು. ಆದರೆ ನಿನ್ನ ಭುಜಕ್ಕೆ ಒದೆತ ಹೆಚ್ಚು. 1925ರಿಂದ ಈ ದೇಶದ ಬೆಟ್ಟಗಳಲ್ಲಿ ಕೆಲಸ ಮಾಡಿ ತೋರಿಸಿದ ತೋಟಾ .270. ರೈಫ್ಲಿಂಗ್ ಗೆರೆಯ ಸುರುಳಿ, ಅಂದರೆ ಟ್ವಿಸ್ಟ್, ಹತ್ತು ಇಂಚಿಗೆ ಒಂದು ಸುತ್ತು ಸಾಕು. ನೀನು ಬಳಸುವ 130 ಗ್ರೇನ್ ತಾಮ್ರದ ಗುಂಡು ಅದರಲ್ಲಿ ನೆಟ್ಟಗೆ ಹೋಗುತ್ತದೆ. 165, 170 ಗ್ರೇನಿನ ಉದ್ದನೆಯ ಗುಂಡು ಹೊಡೆಯುವ ಯೋಚನೆ ಇದ್ದರೆ ಮಾತ್ರ ಎಂಟು ಇಂಚಿನ ಆಸುಪಾಸಿಗೆ ಒಂದು ಸುತ್ತು ಬೇಕು.

ರೆಡಿಮೇಡ್ ಬ್ಯಾರೆಲ್ ತಂದು ತಿರುಗಿಸಿ ಕೂರಿಸುವ ಕೆಲಸ ಇದಲ್ಲ. ಹಳೆಯ ಮಾಡೆಲ್ 70ಯಲ್ಲಿ ಬ್ಯಾರೆಲ್ಲಿನ ಹಿಂಬದಿ ಕೋನ್ ಆಕಾರದಲ್ಲಿರಬೇಕು, ಖಾಲಿ ತೋಟಾ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೂರಲು ಒಂದು ಕಡೆ ಕಚ್ಚು ಕಡಿಯಬೇಕು. ಈ ಆ್ಯಕ್ಷನ್ ಮೇಲೆ ಕೆಲಸ ಮಾಡಿ ಪಳಗಿದ ಗನ್‌ಸ್ಮಿತ್‌ನನ್ನೇ ಹುಡುಕು. ಕೆಲಸ ಮುಗಿದಾಗ ಚೇಂಬರಿನಲ್ಲಿ ತೋಟಾಕ್ಕಿರುವ ಜಾಗ ಸರಿಯಿದೆಯೇ ಎಂದು ನೋಡುವ ಹೆಡ್‌ಸ್ಪೇಸ್ ಗೇಜ್ ನಿನ್ನ ಎದುರಿಗೇ ಹಾಕಿಸು: ‘ಗೋ’ ಮೇಲೆ ಬೋಲ್ಟ್ ಮುಚ್ಚಬೇಕು, ‘ನೋ-ಗೋ’ ಮೇಲೆ ಮುಚ್ಚಬಾರದು. ಇದರಲ್ಲಿ ದಾಕ್ಷಿಣ್ಯ ಬೇಡ, ನಿನ್ನ ಮುಖದ ಪಕ್ಕದಲ್ಲೇ ಸಿಡಿಯುವ ವಸ್ತು ಅದು.

ಸೀಸನ್ ಹತ್ತಿರ ಬಂದಾಗ ಅವರಿಗೆ ಪುರುಸೊತ್ತಿರುವುದಿಲ್ಲ. ಡಿಸೆಂಬರಿನಲ್ಲೇ ಕೊಟ್ಟುಬಿಡು. ಈ ವರ್ಷ ನನ್ನ .30-06 ತಗೊಂಡು ಹೋಗು, ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಾಗ ಹಿಂದಕ್ಕೆ ಕೊಟ್ಟರಾಯಿತು. ಆರ್ಡರ್ ಮಾಡುವ ಮುಂಚೆ ಅಳತೆಯ ಪಟ್ಟಿಯನ್ನು ನನಗೊಮ್ಮೆ ಕಳಿಸು, ಕೂಡಿಸಿ ನೋಡಿ ಹೇಳುತ್ತೇನೆ.

ನಿನ್ನ
ಅಪ್ಪ