ವಿಡಿಯೋ ಕರೆಗೆ ಮುಂಚೆ ತೂಕ ಕೇಳಿ

ಮಾನ್ಯ ಸಂಪಾದಕರೇ,

ನನಗೆ ಹನ್ನೊಂದು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ ಇದೆ. ದೊಡ್ಡ ಕರುಳಿನ ಒಳಗೆ ಹುಣ್ಣಾಗಿ, ಆಗಾಗ ಕೆರಳುವ ಕಾಯಿಲೆ. ನಮ್ಮೂರು ಸಿದ್ದಾಪುರದ ಹತ್ತಿರ, ಡಾಕ್ಟರ್ ಬೆಂಗಳೂರಿನಲ್ಲಿ. ಈ ಹೊಟ್ಟೆ ಇಟ್ಟುಕೊಂಡು ರಾತ್ರಿ ಬಸ್ ಹತ್ತುವ ಕಷ್ಟ ಹತ್ತಿದವರಿಗೇ ಗೊತ್ತು. ಮಧ್ಯಾಹ್ನದಿಂದಲೇ ಊಟ ಬಿಡುತ್ತಿದ್ದೆ. ಹಾಗಾಗಿ 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ನಿಯಮ ಬಂದು, ಡಾಕ್ಟರ್ ವಿಡಿಯೋದಲ್ಲೇ ನೋಡತೊಡಗಿದಾಗ ಬದುಕಿದೆ ಅನ್ನಿಸಿತ್ತು.

ಆದರೆ ಹೋದ ಮಳೆಗಾಲದಲ್ಲಿ ಏನಾಯಿತು ಕೇಳಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗುಲಿಯಲ್ಲಿ ಮಾತ್ರ. ಅಲ್ಲಿ ಮಾವ, ಅತ್ತೆ, ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಬಂದವರು. "ಹೇಗಿದ್ದೀರಿ?" ಅಂದರು ಡಾಕ್ಟರ್. ದಿನಕ್ಕೆ ಹತ್ತು ಸಲ, ರಕ್ತವೂ ಬರುತ್ತಿದೆ ಅಂತ ಅಷ್ಟು ಜನರ ಮುಂದೆ ಕೂಗಿ ಹೇಳಲಿಕ್ಕಾಗುತ್ತಾ? "ಪರವಾಗಿಲ್ಲ" ಅಂದೆ. ಅದೇ ಮಾತ್ರೆ ಮುಂದುವರಿಯಿತು. ತೂಕ ಯಾರೂ ಕೇಳಲಿಲ್ಲ. ರವಿಕೆ ಸಡಿಲವಾಗಿದ್ದು ನೋಡಿ ಅಕ್ಕನೇ ತೂಕ ಮಾಡಿಸಿದಳು. ಆರು ಕೆಜಿ ಇಳಿದಿತ್ತು. ಹಿಮೋಗ್ಲೋಬಿನ್ 7.8. ಕೊನೆಗೆ ಅಡ್ಮಿಟ್ ಆಗಿ ಒಂಬತ್ತು ದಿನ ಮಲಗಿದೆ.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಆದರೆ ಕರೆಗೆ ಹಿಂದಿನ ದಿನ ನಾಲ್ಕು ಪ್ರಶ್ನೆ ಮೆಸೇಜಿನಲ್ಲಿ ಕಳಿಸಬಹುದಿತ್ತಲ್ವಾ? ದಿನಕ್ಕೆ ಎಷ್ಟು ಸಲ, ರಕ್ತ ಇದೆಯಾ, ರಾತ್ರಿ ಎದ್ದು ಓಡಬೇಕಾಗುತ್ತಾ, ತೂಕ ಎಷ್ಟು? ಬರೆದು ತಿಳಿಸಲು ನಾಚಿಕೆ ಇಲ್ಲ. ಈ ಕಾಯಿಲೆಗೆ ಕೊಡುವ ಅಜಾಥಿಯೋಪ್ರಿನ್ ಮಾತ್ರೆ ತಗೊಳ್ಳುವವರಿಗೆ ಬಿಳಿ ರಕ್ತಕಣ ಇಳಿಯುವ ಭಯ ಇರುತ್ತದೆ. ಹಾಗಾಗಿ ರಕ್ತದ ರಿಪೋರ್ಟ್ ನೋಡದೆ ಸುಮ್ನೆ ಚೀಟಿ ಕಳಿಸಬಾರದು. ಕರುಳು ಒಳಗೆ ಉರಿಯುತ್ತಿದೆಯೇ ಎಂದು ತೋರಿಸುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲಪರೀಕ್ಷೆ ಇದೆ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಈಗ ಪೇಟೆಯ ಲ್ಯಾಬಿನಲ್ಲೇ ಸ್ಯಾಂಪಲ್ ಕೊಡುತ್ತೇನೆ. ಜ್ವರ ಬಂದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ರಕ್ತ ಜಾಸ್ತಿ ಹೋದರೆ ಮಾತ್ರ ವಿಡಿಯೋ ಬೇಡ. ಹೊಟ್ಟೆ ಒತ್ತಿ ನೋಡುವ ಕೈ ಬೇಕು.

ಸರ್ಕಾರಕ್ಕೂ ಒಂದು ಮಾತು. ನಮ್ಮ ಆರೋಗ್ಯ ಉಪಕೇಂದ್ರದಲ್ಲಿ ಇ-ಸಂಜೀವಿನಿ ಎಂಬ ಸರ್ಕಾರಿ ಆನ್‌ಲೈನ್ ಸೇವೆಯ ಮೂಲಕ ಡಾಕ್ಟರಿಗೆ ಕರೆ ಹಚ್ಚಿ ಕೊಡುತ್ತಾರೆ. ಅಲ್ಲಿ ತೂಕದ ಯಂತ್ರ ಇದೆ, ಬಿಪಿ ನೋಡುತ್ತಾರೆ, ಬಾಗಿಲು ಹಾಕಿಕೊಂಡು ಮಾತಾಡಬಹುದು. ತಿಂಗಳಿಗೊಂದು ದಿನ ಗೊತ್ತುಮಾಡಿ ಕರುಳಿನ ಡಾಕ್ಟರಿಗೂ ಅಲ್ಲಿಂದಲೇ ಕರೆ ಹಚ್ಚಿ ಕೊಡಲಿ, ಅದೂ ಪ್ರತಿ ಸಲ ಒಬ್ಬರೇ ಡಾಕ್ಟರಿಗೆ. ಆರು ಕಿಲೋಮೀಟರ್ ಸ್ಕೂಟಿಯಲ್ಲಿ ಹೋಗುತ್ತೇನೆ. ರಾತ್ರಿ ಬಸ್ಸಿಗಿಂತ ವಾಸಿ.

– ಒಬ್ಬ ಗೃಹಿಣಿ, ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ